ಸಾವನದುರ್ಗದ ಬುಡದಲ್ಲಿ ಒಂದು ಗೇಣು

ಹೋದ ವಾರ ಮಾಗಡಿಯಿಂದ ವಾಪಸ್ ಬರುವಾಗ ಮಳೆ ಹಿಡಿಯಿತು. ಗಾಡಿ ನಿಲ್ಲಿಸಿ ಒಂದು ಟೀ ಅಂಗಡಿಯ ಶೀಟಿನ ಕೆಳಗೆ ನಿಂತೆ. ಎದುರಿಗೆ ಸಾವನದುರ್ಗ. ಒಂದೇ ಕಲ್ಲು, ಅಷ್ಟೆತ್ತರ. ಮಳೆ ನಿಂತ ಮೇಲೆ ಅದರ ಮೈಯಿಂದ ಒಂದು ವಾಸನೆ ಬರುತ್ತದೆ. ಕಾದ ಬಂಡೆ ನೆನೆದ ವಾಸನೆ. ಅದರ ಜೊತೆಗೆ ಪಕ್ಕದ ರೇಷ್ಮೆ ಹುಳದ ಮನೆಯಿಂದ ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ. ಎರಡೂ ಒಟ್ಟಿಗೆ ಮೂಗಿಗೆ ಬಿದ್ದ ತಕ್ಷಣ ಮೂರು ವರ್ಷದ ಹಿಂದಿನ ಮುಂಗಾರು ಪೂರ್ತಿ ನೆನಪಾಯಿತು. ಕೈಲಿದ್ದ ಟೀ ಆರಿಹೋಯಿತು.

ಅದನ್ನೆಲ್ಲ ಬರೆದಿಡು ಅಂತ ರೇಖಾ ಮೇಡಂ ಎಷ್ಟೋ ಸಲ ಹೇಳಿದ್ದರು. ಎಸ್ಸೆಸ್ಸೆಲ್ಸಿಯಲ್ಲಿ ಗಣಿತಕ್ಕೆ ಎರಡು ಸಲ ಫೇಲಾದವನಿಗೆ ಬರೆಯುವುದು ಎಲ್ಲಿಂದ ಬರಬೇಕು. ಆದರೂ ಬರೆಯುತ್ತೇನೆ. ಸುತ್ತಿ ಬಳಸುವುದಿಲ್ಲ. ಆಗಿದ್ದನ್ನು ಆದ ಹಾಗೆ ಹೇಳುತ್ತೇನೆ.

ನಾನು ಮಾದೇವ. ಕನಕಪುರ ತಾಲ್ಲೂಕು, ಕೋಡಿಹಳ್ಳಿ ಕಡೆಯವನು. ಆಗ ರಾಮನಗರದಲ್ಲಿ ಜಮೀನು ಅಳೆಯುವ ಒಂದು ಕಂಪನಿಯಲ್ಲಿ ಪೋಲ್ ಹಿಡಿಯುವ ಕೆಲಸಕ್ಕಿದ್ದೆ. ಪೋಲ್ ಅಂದರೆ ಆಳೆತ್ತರಕ್ಕಿಂತ ಒಸಿ ಹೆಚ್ಚಿರುವ ಕಡ್ಡಿ. ಮೇಲೆ ತಟ್ಟೆಯಂಥ ಮಿಷನ್, ಅದು ಆಕಾಶದ ಸ್ಯಾಟಲೈಟುಗಳ ಸಿಗ್ನಲ್ ಹಿಡಿಯುತ್ತದೆ. ಕೆಳಗೆ ಚೂಪು ಮೊನೆ, ಅದನ್ನು ಗಡಿ ಕಲ್ಲಿನ ಗುರುತಿನ ಮೇಲೆ ಊರಬೇಕು. ನಡುವೆ ಒಂದು ಗಾಜಿನ ಬಿಲ್ಲೆ, ಅದರೊಳಗೆ ಒಂದು ಗುಳ್ಳೆ. ಗುಳ್ಳೆ ನಡುವಿಗೆ ಬಂದರೆ ಪೋಲ್ ನೆಟ್ಟಗಿದೆ ಅಂತ. ಕಡ್ಡಿ ವಾಲಿದರೆ ಕಲ್ಲಿನ ಅಳತೆಯೂ ವಾಲುತ್ತದೆ, ಜಮೀನೂ ವಾಲುತ್ತದೆ, ಆಮೇಲೆ ಅಣ್ಣತಮ್ಮಂದಿರು ದೊಣ್ಣೆ ಹಿಡಿಯುತ್ತಾರೆ. ಕೇಳುವವರಿಗೆ ಇದೇನು ಮಹಾ ಕೆಲಸ ಅನ್ನಿಸುತ್ತದೆ. ಗಾಳಿಯಲ್ಲಿ, ಕೆಸರಲ್ಲಿ, ಉಸಿರು ಬಿಗಿ ಹಿಡಿದು ಹತ್ತು ನಿಮಿಷ ನಿಂತು ನೋಡಿದರೆ ಗೊತ್ತಾಗುತ್ತದೆ. ನನ್ನ ಕೈ ಅಲ್ಲಾಡುತ್ತಿರಲಿಲ್ಲ. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಜಂಬ ಅಂದುಕೊಂಡರೂ ನನಗೇನೂ ಬೇಜಾರಿಲ್ಲ.

ರೇಖಾ ಮೇಡಂ ನಮ್ಮ ಇಂಜಿನಿಯರು. ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನವರು, ರೇಷ್ಮೆ ಬೆಳೆಯುವ ಮನೆ. ಆಫೀಸಿನ ಕನ್ನಡ ಮಾತಾಡುತ್ತಾರೆ, ಸಿಟ್ಟು ಬಂದರೆ ಮಾತ್ರ ಹೊಂಗನೂರು ಹೊರಗೆ ಬರುತ್ತದೆ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಜೀಪಿನಲ್ಲಿ ಹೋಗುವಾಗ ಅವರೇ ಸುದ್ದಿ ತೆಗೆದರು.

"ಮಾದೇವ, ಹೊರದೇಶದವರು ಬರ್ತಿದಾರೆ. ಈ ಸೀಸನ್ ಪೂರ್ತಿ ನಮ್ ಜೊತೆ ಇರ್ತಾರೆ."

"ಯಾಕ್ ಮೇಡಂ, ಅವ್ರ್ ಜಮೀನು ಇಲ್ಲೇನೈತೆ?"

"ಜಮೀನಲ್ಲ ಮಾರಾಯ. ಇಷ್ಟು ದಿನ ಹೆಚ್ಚಾಗಿ ಅಮೆರಿಕದ ಸ್ಯಾಟಲೈಟ್ ನಂಬ್ಕೊಂಡು ಅಳೀತಿದ್ವಿ. ಈಗ ನಮ್ದೇ ಇದಾವೆ. ಜಪಾನಿಂದು, ಚೀನಾದ್ದು, ರಷ್ಯಾದ್ದು, ಯುರೋಪಿಂದು ಎಲ್ಲಾ ಇದಾವೆ. ಅಷ್ಟನ್ನೂ ಒಟ್ಟಿಗೆ ಹಿಡಿಯೋ ಮಿಷನ್ ತರ್ತಾರೆ. ನಮ್ ಕಡೆಯ ನಾಲ್ಕೈದು ದೇಶದವರು ಸೇರ್ಕೊಂಡು ಅಲ್ಲಲ್ಲಿ ಟೆಸ್ಟ್ ಮಾಡ್ತಿದಾರೆ. ನಮ್ ಜಿಲ್ಲೆಗೂ ಬನ್ನಿ ಅಂತ ನಾನೇ ಗಂಟುಬಿದ್ದೆ."

"ಎಲ್ಲಾವೂ ಒಂದೇ ಮಾತು ಹೇಳ್ತಾವಾ?"

"ಅದನ್ನೇ ನೋಡೋಕೆ ಬರ್ತಿರೋದು."

ಮೇಡಂ ಆರಿಸಿದ್ದ ಜಾಗ ಸಾವನದುರ್ಗದ ಬುಡ. ಬೇಕೆಂದೇ ಕಷ್ಟದ ಜಾಗ ಆರಿಸಿದ್ದರು. ಮಿಷನ್ನಿಗೆ ಬಯಲು ಬೇಕು, ಆಕಾಶ ಕಾಣಬೇಕು. ಬೆಟ್ಟದ ಮೂಡಲ ಬುಡದಲ್ಲಿ ನಿಂತರೆ ಪಡುವಲ ಕಡೆಯ ಅರ್ಧ ಆಕಾಶವನ್ನು ಬಂಡೆ ನುಂಗಿರುತ್ತದೆ. ಹಾಗಾಗಿ ಆ ಸಾಲಿನ ಹೊಲಗಳನ್ನು ಯಾವಾಗಲೂ ಕೊನೆಗೆ ಬಿಡುತ್ತಿದ್ದರು. ಬೇರೆ ಊರೆಲ್ಲ ಮಿಷನ್ನಿನಲ್ಲಿ ಮುಗಿದರೂ ಅಲ್ಲಿಯವರು ಸರಪಳಿ ಅಳತೆಯವನಿಗೆ ಕಾಯಬೇಕು. ಬಂದವರು ಸೀಸನ್ ಮುಗಿದಾಗ ಒಂದು ವರದಿ ಬರೆಯುತ್ತಾರೆ. ಎಲ್ಲ ದೇಶದ ಸ್ಯಾಟಲೈಟುಗಳನ್ನು ಒಟ್ಟಿಗೆ ಹಿಡಿದರೆ ಯಾವ ಯಾವ ಜಾಗದ ಅಳತೆ ನಂಬಬಹುದು ಅಂತ ಅದರಲ್ಲಿರುತ್ತದೆ. ಆ ಪಟ್ಟಿಯಲ್ಲಿ ಸಾವನದುರ್ಗದ ಬುಡ ಸೇರಬೇಕು, ಮೇಡಂ ಹಟ ಅಷ್ಟೇ. ಸೇರಿದರೆ ಆ ಹೊಲಗಳೂ ಹೊಸ ಮಿಷನ್ನಿನ ಅಳತೆಗೆ ಬರುತ್ತವೆ. ಸೇರದಿದ್ದರೆ ಮತ್ತೆ ಸರಪಳಿ.

ಬಂದವರು ಇಬ್ಬರು. ಒಬ್ಬರು ಜಪಾನಿನ ಮೋರಿ ಸರ್. ವಯಸ್ಸಾದವರು, ಸಣ್ಣ ಆಳು, ಮಾತು ಕಡಿಮೆ. ಇನ್ನೊಬ್ಬರು ಶ್ರೀಲಂಕಾದ ಸೆಲ್ವಂ ಸರ್, ದಪ್ಪ ಮೀಸೆ, ದಿನವಿಡೀ ಮಾತು. ಸೆಲ್ವಂ ಸರ್ ಮನೆ ಮಾತು ತಮಿಳು. ನಮ್ಮ ಕೋಡಿಹಳ್ಳಿಯಿಂದ ತಮಿಳುನಾಡಿನ ಗಡಿ ದೂರವಿಲ್ಲ, ದನದ ವ್ಯಾಪಾರಕ್ಕೆ ಬರುವವರ ಜೊತೆ ಮಾತಾಡಿ ನನಗೂ ಅಷ್ಟಿಷ್ಟು ಬರುತ್ತದೆ. ಅವರ ತಮಿಳು ಬೇರೆ, ನನ್ನ ತಮಿಳು ಬೇರೆ, ಆದರೂ ನಡೆಯುತ್ತಿತ್ತು. ಇಲ್ಲಿ ಅದನ್ನೆಲ್ಲ ಕನ್ನಡದಲ್ಲೇ ಬರೆಯುತ್ತೇನೆ. ಮೋರಿ ಸರ್ ಇಂಗ್ಲಿಷಿನಲ್ಲಿ ಹೇಳಿದ್ದನ್ನು ಸೆಲ್ವಂ ಸರ್ ನನಗೆ ತಮಿಳಿನಲ್ಲಿ ಹೇಳುವರು, ನಾನು ಊರವರಿಗೆ ಕನ್ನಡದಲ್ಲಿ ಹೇಳುವೆ.

ಟೆಸ್ಟಿಗೆ ಒಂದು ಕಲ್ಲು ಬೇಕಿತ್ತು. ಬೆಟ್ಟದ ಬುಡದಲ್ಲಿ ನಿಂಗಮ್ಮಜ್ಜಿ ಅನ್ನುವವರ ಹಿಪ್ಪುನೇರಳೆ ತೋಟ. ಅದರ ಪಡುವಲ ಮೂಲೆಯಲ್ಲಿ ಹಳೇ ಗಡಿ ಕಲ್ಲು ಒಡೆದು ಹೋಗಿತ್ತು. ಅಲ್ಲೇ ಹೊಸದು ನೆಡೋಣ, ನಾಳೆ ಅಳೆಯಬೇಕಾಗಿರುವುದು ಇಂಥ ಕಲ್ಲುಗಳನ್ನೇ ಅಲ್ಲವಾ ಅಂದರು ಮೇಡಂ. ಗುಂಡಿ ತೋಡಿ ನೆಟ್ಟವನು ನಾನು. ಆಮೇಲೆ ಬಯಲಿನಲ್ಲಿದ್ದ ಸರ್ಕಾರಿ ಗುರುತುಗಳಿಂದ ಶುರು ಮಾಡಿ, ಮೂರು ಕಾಲಿನ ದುರ್ಬೀನಿನ ಮಿಷನ್ ಇಟ್ಟು, ಹಳೇ ರೀತಿಯಲ್ಲಿ ನಾಲ್ಕು ದಿನ ಅಳೆದು ಆ ಕಲ್ಲು ಭೂಮಿಯ ಮೇಲೆ ಸರಿಯಾಗಿ ಎಲ್ಲಿದೆ ಅಂತ ಬರೆದುಕೊಂಡರು. ಅದು ಕೀ ಉತ್ತರ. ಸ್ಯಾಟಲೈಟ್ ಅಳತೆ ಅದಕ್ಕೆ ತಾಳೆಯಾಗಬೇಕು.

ಮೊದಲ ದಿನ ಅಜ್ಜಿ ನಮ್ಮನ್ನು ತೋಟದೊಳಗೇ ಬಿಡಲಿಲ್ಲ. ಹುಳದ ಮನೆ ಬಾಗಿಲಲ್ಲಿ ನಿಂತು ಕೈ ಅಡ್ಡ ಹಿಡಿದರು.

"ಹುಳ ಜ್ವರಕ್ಕೆ ಬಿದ್ದವೆ. ಸೆಂಟು ಗಿಂಟು ಬಳ್ಕಂಡ್ ಬಂದೀರಿ. ಅಲ್ಲೇ ನಿಂತ್ಕಳ್ರಪ್ಪ."

ಜ್ವರ ಅಂದರೆ ಹುಳ ಪೊರೆ ಬಿಡುವ ಹೊತ್ತು, ಆಗ ಹೊರಗಿನವರು ಹತ್ತಿರ ಹೋಗಬಾರದು, ಇದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಹೊರದೇಶದವರಿಗೆ ಹೇಗೆ ತಿಳಿಸುವುದು ಅಂತ ನಾನು ತಮಿಳು ಹುಡುಕುತ್ತಿದ್ದೆ. ಅಷ್ಟರಲ್ಲಿ ಮೋರಿ ಸರ್ ತಾವೇ ಹಿಂದಕ್ಕೆ ಸರಿದು, ಬೂಟು ಬಿಚ್ಚಿ, ತೊಟ್ಟಿಯ ಹತ್ತಿರ ಹೋಗಿ ಕೈಕಾಲು ತೊಳೆದುಕೊಂಡರು. ಅವರ ಅಜ್ಜಿ ಮನೆಯಲ್ಲಿ ಹುಳ ಸಾಕುತ್ತಿದ್ದರಂತೆ. ಸೊಪ್ಪು ತಿನ್ನುವ ಸದ್ದು ಮಳೆ ಬಂದ ಹಾಗಿರುತ್ತಿತ್ತು ಅಂದರಂತೆ. ನಾನು ಅದನ್ನು ಅಜ್ಜಿಗೆ ಹೇಳಿದೆ.

ಅಜ್ಜಿ ಅವರನ್ನು ಕೆಳಗಿಂದ ಮೇಲೆ ನೋಡಿ, "ಹಂಗಾರೆ ನಮ್ಮೋರೇ ಬುಡು. ಇವ್ರೊಬ್ರು ಬರ್ಲಿ. ಆ ಮೀಸೆಯಪ್ಪ ಆಚೇಲೇ ಇರ್ಲಿ" ಅಂದರು.

ಸೆಲ್ವಂ ಸರ್, "ಏನಂತೆ?" ಅಂತ ಕೇಳಿದರು.

"ನಿಮ್ ಮೀಸೆ ಚೆನ್ನಾಗೈತಂತೆ ಸಾರ್" ಅಂದೆ.

ದುರ್ಬೀನಿನ ನಾಲ್ಕು ದಿನ ಮುಗಿದ ಮೇಲೆ ಸ್ಯಾಟಲೈಟ್ ಅಳತೆ. ಕಲ್ಲಿನ ಮೇಲೆ ಪೋಲ್ ಊರಿ ನಿಂತೆ. ಮೋರಿ ಸರ್ ಮೊದಲು ಅಮೆರಿಕದ್ದನ್ನು ಮಾತ್ರ ಆನ್ ಮಾಡಿದರು. ಸ್ಕ್ರೀನ್ ಮೇಲೆ 'ಫ್ಲೋಟ್' ಅಂತ ಬಂತು. ಅಂದರೆ ಇನ್ನೂ ತೇಲುತ್ತಿದೆ, ನಂಬಬೇಡ ಅಂತ ಅರ್ಥ. ಅರ್ಧ ಗಂಟೆ ನಿಂತರೂ ಅದೇ ಫ್ಲೋಟ್. ಪಡುವಲ ಕಡೆಯ ಸ್ಯಾಟಲೈಟೆಲ್ಲ ಬಂಡೆಯ ಹಿಂದೆ ಸಿಕ್ಕಿಕೊಂಡಿದ್ದವು. ಆಮೇಲೆ ಒಂದೊಂದನ್ನೇ ಸೇರಿಸುತ್ತಾ ಹೋದರು. ರಷ್ಯಾದ್ದು, ಯುರೋಪಿನದು, ಚೀನಾದ್ದು. ಜಪಾನಿನದು ಮೂಡಲಲ್ಲಿ ತೀರ ಕೆಳಗೆ, ಅಜ್ಜಿಯ ತೋಟದ ಮೇಲೆ ಕಾಣುತ್ತಿತ್ತಂತೆ. ನಮ್ಮವು ತೆಂಕಣ ಕಡೆ ಬಹಳ ಅಲುಗಾಡದೆ ನಿಂತಿರುತ್ತವಂತೆ, ಬಂಡೆಗೆ ಸಿಗದೆ. ಅವನ್ನೂ ಸೇರಿಸಿದರು. ನಾನು ಗುಳ್ಳೆ ಬಿಟ್ಟು ಕಣ್ಣು ಕದಲಿಸಲಿಲ್ಲ. 'ಫಿಕ್ಸ್' ಅಂತ ಮಿಷನ್ ಕೂಗಿದಾಗಲೇ ಅಳತೆ ತೇಲುವುದು ನಿಂತಿತು ಅಂತ ಗೊತ್ತಾಗಿದ್ದು. ಕೀ ಉತ್ತರಕ್ಕೂ ಅದಕ್ಕೂ ಒಂದು ಬೆರಳಗಲವೂ ವ್ಯತ್ಯಾಸವಿರಲಿಲ್ಲ. ಮೇಡಂ ಜೀಪಿನ ಹಿಂದೆ ಹೋಗಿ ಒಬ್ಬರೇ ನಿಂತುಕೊಂಡರು. ಮುಖ ತೋರಿಸಲಾಗದಷ್ಟು ಖುಷಿಯಾಗಿತ್ತು ಅನ್ನಿಸುತ್ತದೆ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಬುತ್ತಿ ಬಿಚ್ಚಿದಾಗ ಸೆಲ್ವಂ ಸರ್ ಕೇಳಿದರು. "ತಂಬಿ, ಈಗ ನಡೆದದ್ದು ನಿನಗೆ ಅರ್ಥವಾಯಿತಾ?"

"ಇದ್ರಲ್ಲೇನ್ ಸಾರ್ ಐತೆ. ಮುಯ್ಯಾಳು."

"ಅದೇನು?"

ಹೇಳಿದೆ. ನಮ್ಮ ಕಡೆ ರಾಗಿ ಕೊಯ್ಲಿಗೆ ಒಂದು ಮನೆಯ ಆಳು ಸಾಲುವುದಿಲ್ಲ. ಇವತ್ತು ನಿಮ್ಮ ಮನೆಯವರು ನಮ್ಮ ಹೊಲಕ್ಕೆ ಬರುತ್ತಾರೆ, ನಾಳೆ ನಮ್ಮವರು ನಿಮ್ಮ ಹೊಲಕ್ಕೆ ಹೋಗುತ್ತಾರೆ. ಯಾರೂ ಯಾರಿಗೂ ಕೂಲಿ ಕೊಡುವುದಿಲ್ಲ. ಜಗಳವಾಡಿದ ಮನೆಯವರೂ ಕೊಯ್ಲಿಗೆ ಬರುತ್ತಾರೆ, ಮಾತು ಬಿಟ್ಟಿದ್ದರೂ ಬರುತ್ತಾರೆ. ಮೇಲೆ ಇರುವ ಸ್ಯಾಟಲೈಟುಗಳದ್ದೂ ಅದೇ. ಸೆಲ್ವಂ ಸರ್ ಇದನ್ನು ಇಂಗ್ಲಿಷ್ ಮಾಡಿ ಹೇಳಿದರು. ಮೋರಿ ಸರ್ ಪುಸ್ತಕ ತೆಗೆದು ಅವರ ಲಿಪಿಯಲ್ಲಿ ಏನೋ ಬರೆದುಕೊಂಡು, "ಮುಯ್-ಯಾ-ಳು" ಅಂತ ಎರಡು ಸಲ ಹೇಳಿಕೊಂಡರು.

ಅಲ್ಲಿಂದ ಮೂರು ವಾರ ಬೇರೆ ಕಡೆ ಹೋದೆವು. ಹೊಂಗನೂರಿನ ತೆಂಗಿನ ತೋಟಗಳಲ್ಲಿ ಅಳೆದೆವು. ನಮ್ಮ ಕೋಡಿಹಳ್ಳಿ ಕಡೆ ಮಾವಿನ ತೋಪಿನಲ್ಲಿ ಅಳೆದೆವು. ಎರಡೂ ಕಡೆ ಸರಿ ಬಂತು. ಆಷಾಢದ ಗಾಳಿ ಶುರುವಾಯಿತು. ಮತ್ತೆ ಸಾವನದುರ್ಗಕ್ಕೆ ಬಂದಾಗ ಬಂಡೆಯ ಮೇಲಿಂದ ನೀರು ಬೆಳ್ಳಗೆ ಇಳಿಯುತ್ತಿತ್ತು, ತುದಿ ಮೋಡದೊಳಗಿತ್ತು. ಬಂಡೆ ಒಣಗಿದ್ದಾಗ ಒಂದು ಸಲ, ನೆನೆದಾಗ ಒಂದು ಸಲ ಅಳೆಯಬೇಕು ಅಂತ ಲೆಕ್ಕ. ಇದು ಕೊನೆಯ ಸುತ್ತು.

ಪೋಲ್ ಊರಿದೆ. ಫಿಕ್ಸ್ ಬೇಗನೇ ಬಂತು. ಮೋರಿ ಸರ್ ಸ್ಕ್ರೀನ್ ನೋಡಿದರು, ಪುಸ್ತಕ ನೋಡಿದರು, ಮತ್ತೆ ಸ್ಕ್ರೀನ್ ನೋಡಿದರು. ಒಂದು ಗೇಣು ತಪ್ಪು. ಮೂಡಲ ಕಡೆಗೆ ಒಂದು ಗೇಣು.

ಒಂದು ಗೇಣು ಅಂದರೆ ಪೇಟೆಯವರಿಗೆ ಏನೂ ಅಲ್ಲ. ನಮ್ಮ ಕಡೆ ಒಂದು ಗೇಣಿಗೆ ಮದುವೆಗಳು ಮುರಿದಿವೆ.

ಎಲ್ಲರೂ ನನ್ನ ಕಡೆ ತಿರುಗಿದರು. ಇದು ಸಹಜ. ಅಲ್ಲಿದ್ದವರಲ್ಲಿ ಓದದವನು ನಾನೊಬ್ಬನೇ.

"ತಂಬಿ, ಗುಳ್ಳೆ ನೋಡಿಕೊಂಡೆಯಾ?"

"ನೋಡ್ಕಂಡೇ ಹಿಡ್ದಿರದು ಸಾರ್."

ಎರಡನೇ ದಿನವೂ ಒಂದು ಗೇಣು. ಸಂಜೆ ಜೀಪಿನಲ್ಲಿ ಮೇಡಂ ಬಾಯಿಂದ ಹೊಂಗನೂರು ಹೊರಗೆ ಬಂತು.

"ನಿಜ ಹೇಳ್ಲಾ ಮಾದೇವ. ಕೈ ವಾಲ್ಸ್‌ಬುಟ್ಟೇನ್ಲಾ?"

"ಒಂದ್ ಗೇಣು ವಾಲ್ಬೇಕಾದ್ರೆ ನಾನು ಕುಡ್ದಿರ್ಬೇಕು ಮೇಡಂ. ನೀವೇ ಬಂದು ಮೂಸ್ ನೋಡಿ."

ಮೇಡಂ ಸಿಟ್ಟಿನಲ್ಲೂ ನಕ್ಕುಬಿಟ್ಟರು.

ಮೂರನೇ ದಿನ ಮೋರಿ ಸರ್ ಪೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಕಬ್ಬಿಣದ ಕಾಲುಗಳಿಗೆ ಬಿಗಿದು ನಿಲ್ಲಿಸಿದರು. ಯಾರೂ ಮುಟ್ಟುವ ಹಾಗಿಲ್ಲ. ಬೆಳಗಿನಿಂದ ಮಧ್ಯಾಹ್ನದ ತನಕ ಹಾಗೇ ಇತ್ತು. ಅದೇ ಒಂದು ಗೇಣು. ನನ್ನ ಕೈ ಬಚಾವಾಯಿತು. ಮೋರಿ ಸರ್ ನನ್ನ ಮುಂದೆ ನಿಂತು ತಲೆ ಬಗ್ಗಿಸಿದರು. ಕ್ಷಮೆ ಕೇಳುತ್ತಿದ್ದಾರೆ ಅಂತ ಸೆಲ್ವಂ ಸರ್ ಹೇಳಿದರು. ನನಗೆ ಅದರಿಂದ ಸಮಾಧಾನವಾಗಲಿಲ್ಲ. ಯಾಕೆಂದರೆ ಅವರು ಆಮೇಲೆ ಹೇಳಿದ ಮಾತು ಇನ್ನೂ ಕೆಟ್ಟದ್ದು. ನೆನೆದ ಬಂಡೆ ಕನ್ನಡಿಯ ಹಾಗೆ ಸಿಗ್ನಲ್ಲನ್ನು ತಿರುಗಿಸಿ ಎಸೆಯುತ್ತಿರಬಹುದು. ಇಲ್ಲವೇ ಬೇರೆ ಬೇರೆ ದೇಶದ ಸ್ಯಾಟಲೈಟುಗಳ ಗಡಿಯಾರಗಳು ಮಿಷನ್ನಿನೊಳಗೆ ಹೊಂದಿಕೊಳ್ಳದೆ ಇರಬಹುದು. ಎರಡರಲ್ಲಿ ಯಾವುದಾದರೂ ಸರಿ, ಸಾವನದುರ್ಗದ ಬುಡದಲ್ಲಿ ಒಟ್ಟು ಅಳತೆ ನಂಬುವ ಹಾಗಿಲ್ಲ ಅಂತ ಬರೆಯಬೇಕಾಗುತ್ತದೆ. ನಾಳೆ ಅವರು ಹೊರಡುವ ದಿನ. ದುರ್ಬೀನು ಇಟ್ಟು ಮತ್ತೆ ಬಯಲಿನಿಂದ ಅಳೆದುಕೊಂಡು ಬರಲು ನಾಲ್ಕು ದಿನ ಬೇಕು. ಮೋಡ ಬೇರೆ, ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ.

ಮೇಡಂ ಜೀಪಿನ ಬಾನೆಟ್ ಮೇಲೆ ಕಾಗದ ಹರಡಿಕೊಂಡು ನಿಂತಿದ್ದರು. ಪೆನ್ನು ಕೈಯಲ್ಲಿತ್ತು, ಬರೆಯುತ್ತಿರಲಿಲ್ಲ.

ನಾನು ಪೋಲ್ ಬಿಚ್ಚಲು ಹೋದೆ. ಕಬ್ಬಿಣದ ಕಾಲು ಕಳಚಿ, ಅಭ್ಯಾಸದ ಬಲದಲ್ಲಿ ನನ್ನ ಎರಡು ಕಾಲು ಅಗಲಿಸಿ ಕಲ್ಲಿನ ಮುಂದೆ ನಿಂತೆ. ಬಲಗಾಲು ಪಚಕ್ಕೆಂದು ಕೆಸರಿಗೆ ಇಳಿಯಿತು.

ಅಲ್ಲೇ ನಿಂತುಬಿಟ್ಟೆ. ಮೊದಲ ಸುತ್ತಿನಲ್ಲಿ ನನ್ನ ಬಲಗಾಲು ಕೆಸರಲ್ಲಿರಲಿಲ್ಲ. ಕಲ್ಲಿನ ಪಡುವಲಿಗೆ ನೆಲದಲ್ಲೇ ಒಂದು ಹಾಸುಬಂಡೆ ಇದೆ, ಚಾಪೆ ಅಗಲ. ಅದರ ಅಂಚಿನ ಮೇಲೆ ಹಿಮ್ಮಡಿ ಊರಿ ನಿಲ್ಲುತ್ತಿದ್ದೆ. ಅರ್ಧ ಗಂಟೆ ನಿಂತು ಹಿಮ್ಮಡಿ ನೊಂದಿತ್ತು. ಈಗ ನಿಂತರೆ ಹಿಮ್ಮಡಿ ಬಂಡೆಗೆ ಎಟುಕುತ್ತಿಲ್ಲ. ಈ ಮೂರು ದಿನವೂ ಕಾಲು ಕೆಸರಲ್ಲೇ ಇತ್ತು, ಮಳೆಗಾಲ ಅಂತ ತಲೆಗೆ ಹಾಕಿಕೊಂಡಿರಲಿಲ್ಲ.

"ಮೇಡಂ," ಅಂದೆ, "ಸ್ಯಾಟಲೈಟ್ ಸರ್ಯಾಗೇ ಹೇಳ್ತಾವೆ. ಕಲ್ಲು ಜರುಗೈತೆ."

ಎಲ್ಲರೂ ಬಂದು ನೋಡಿದರು. ಕಲ್ಲು ಗಟ್ಟಿಯಾಗಿತ್ತು. ಸುತ್ತ ಗರಿಕೆ ಬೆಳೆದಿತ್ತು. ಮೇಲೆ ಅರಿಶಿನ ಕುಂಕುಮ ಬೇರೆ. ನೋಡಿದರೆ ಹತ್ತು ವರ್ಷದಿಂದ ಅಲ್ಲೇ ಇದೆ ಅನ್ನಬೇಕು.

ಸೆಲ್ವಂ ಸರ್ ಕಲ್ಲನ್ನು ಕಾಲಿನಿಂದ ಒದ್ದು ನೋಡಿ ತಲೆಯಾಡಿಸಿದರು. "ಕಾಲಿನ ನೆನಪನ್ನು ವರದಿಯಲ್ಲಿ ಬರೆಯಲು ಆಗುವುದಿಲ್ಲ ತಂಬಿ."

"ಬಂಡೆಗೆ ತಗುಲಿ ಬರೋ ಸಿಗ್ನಲ್ ಸುಳ್ಳು ಹೇಳೋದಾದ್ರೆ ಒಂದೊಂದ್ ಗಳಿಗೆಗೆ ಒಂದೊಂದ್ ಥರ ಹೇಳ್ಬೇಕಲ್ವಾ ಸಾರ್? ಮೇಲಿರೋವು ಓಡಾಡ್ತಾನೇ ಇರ್ತಾವೆ. ಮೂರ್ ದಿನವೂ ಅದೇ ಒಂದ್ ಗೇಣು, ಅದೇ ಮೂಡ್ಲ ಕಡೀಕೆ. ಸುಳ್ಳು ಹೇಳೋರು ಇಷ್ಟೊಂದು ನೆಟ್ಟಗೆ ಹೇಳಲ್ಲ."

ಅವರು ಅದನ್ನು ಇಂಗ್ಲಿಷ್ ಮಾಡಿದರು. ಮೋರಿ ಸರ್ ಮೇಡಂ ಕಡೆ ತಿರುಗಿ ಏನೋ ಅಂದರು.

ಮೇಡಂ ಹೇಳಿದರು. "ನೀನು ಹೇಳೋದ್ರಲ್ಲಿ ಅರ್ಥ ಇದೆಯಂತೆ. ಆದರೆ ಸಾಕ್ಷಿ ಬೇಕಂತೆ."

ಇಲ್ಲಿ ಒಂದು ವಿಷಯ ಹೇಳಬೇಕು. ಕಲ್ಲು ನೆಡುವಾಗ ನಾನು ಒಂದು ಕೆಲಸ ಮಾಡಿದ್ದೆ, ಯಾರಿಗೂ ಹೇಳಿರಲಿಲ್ಲ. ನಮ್ಮ ತಾತ ಹೊಲದಲ್ಲಿ ಗಡಿ ಕಲ್ಲು ನೆಟ್ಟರೆ ಗುಂಡಿಯ ತಳಕ್ಕೆ ಮೊದಲು ಒಂದು ಬೊಗಸೆ ಇದ್ದಿಲು, ನಾಲ್ಕು ಹಂಚಿನ ಚೂರು ಹಾಕುತ್ತಿದ್ದರು. ಕಲ್ಲನ್ನು ಯಾರು ಬೇಕಾದರೂ ಕೀಳಬಹುದು, ಇದ್ದಿಲು ಅಲ್ಲೇ ಇರುತ್ತದೆ, ಕೊಳೆಯುವುದಿಲ್ಲ, ಗೆದ್ದಲು ತಿನ್ನುವುದಿಲ್ಲ. ಕದ್ದು ಕಲ್ಲು ಸರಿಸುವವನಿಗೆ ಕೆಳಗೆ ಇದ್ದಿಲಿದೆ ಅಂತ ಗೊತ್ತಿರಬಾರದು, ಅದಕ್ಕೇ ಹೇಳುವುದಿಲ್ಲ. ಅಜ್ಜಿಯ ಒಲೆಯಿಂದಲೇ ಇದ್ದಿಲು ಇಸಿದುಕೊಂಡಿದ್ದೆ, ಹಲ್ಲುಜ್ಜಲು ಅಂತ ಸುಳ್ಳು ಹೇಳಿ. ಇಂಜಿನಿಯರುಗಳ ಮುಂದೆ ಹೇಳಿದರೆ ನಗುತ್ತಾರೆ ಅಂತ ಅವರಿಗೂ ಹೇಳಿರಲಿಲ್ಲ.

ಈಗ ಹೇಳಿದೆ. ಯಾರೂ ನಗಲಿಲ್ಲ.

ಹಾರೆ ತಂದು ಕಲ್ಲು ಎತ್ತಿದೆ. ಕೆಳಗೆ ಅಗೆದೆ. ಕೆಂಪು ಮಣ್ಣು. ಇನ್ನೂ ಅಗೆದೆ. ಮೊಳದಷ್ಟು ಹೋದರೂ ಬರೀ ಕೆಂಪು ಮಣ್ಣು. ಮೂವರೂ ತಲೆ ಮೇಲೆ ಬಗ್ಗಿ ನಿಂತಿದ್ದರು. ಸೆಲ್ವಂ ಸರ್ ಹಿಡಿದಿದ್ದ ಕೊಡೆಯಿಂದ ನೀರು ನನ್ನ ಕತ್ತಿಗೆ ತೊಟ್ಟಿಕ್ಕುತ್ತಿತ್ತು. ಇದ್ದಿಲು ಹಾಕಿದ್ದು ನಿಜ ತಾನೇ? ನೀರು ಕೊಚ್ಚಿಕೊಂಡು ಹೋಗಿದ್ದರೆ? ಪಡುವಲ ಕಡೆಗೆ, ಹಾಸುಬಂಡೆಯತ್ತ, ಹಾರೆ ಬಿಟ್ಟು ಕೈಯಿಂದಲೇ ಮಣ್ಣು ಬಗೆದೆ. ಬೆರಳಿಗೆ ಹಂಚಿನ ಚೂರು ಚುಚ್ಚಿತು. ಅದನ್ನು ತೆಗೆದೆ. ಹಿಂದೆಯೇ ಕರ್ರಗೆ ಇದ್ದಿಲು. ಒಂದು ಬೊಗಸೆ. ಹಾಕಿದ ಹಾಗೇ ಇತ್ತು.

ಕೈ ಬಿಚ್ಚಿ ಅಳೆದೆ. ಕಲ್ಲಿದ್ದ ಗುಂಡಿಯ ನಡುವಿನಿಂದ ಇದ್ದಿಲಿನ ನಡುವಿಗೆ ಹೆಬ್ಬೆರಳಿಂದ ಕಿರುಬೆರಳು. ಒಂದು ಗೇಣು.

ಹೊತ್ತಿಗೆ ಸರಿಯಾಗಿ ನಿಂಗಮ್ಮಜ್ಜಿ ತಲೆ ಮೇಲೆ ಗೋಣಿ ಕೊಪ್ಪೆ ಹಾಕಿಕೊಂಡು ಓಡಿ ಬಂದರು. ಕಿತ್ತ ಕಲ್ಲು ನೋಡಿ ಮುಖ ಸಪ್ಪಗಾಯಿತು.

"ಗೊತ್ತಾಗೋಯ್ತಾ?" ಅಂದರು.

"ಏನಜ್ಜಿ ಮಾಡ್ದೆ?"

"ನಾನೇನ್ ಬೇಕಂತ ಮಾಡ್ಲಿಲ್ಲ ಕಣಪ್ಪ. ನಮ್ ಹುಡ್ಗ ಕೆಂಪ್ರಾಜು ಸಾಲಲ್ಲಿ ಟಿಲ್ಲರ್ ಹೊಡೀವಾಗ ತಗಲ್ಬುಟ್ಟು ಕಲ್ಲು ಉಳ್ಳೋಯ್ತು. ಮಳೆ ಬಂದು ಗುಂಡೀನೂ ಮುಚ್ಚೋಯ್ತು. ಸರ್ಕಾರದ್ ಕಲ್ಲು, ಮಲಗಿದ್ರೆ ಸುಮ್ಕಿರಕ್ಕಾಯ್ತದಾ? ಅಂದಾಜ್ನಲ್ಲಿ ನೆಟ್ಟೆ."

"ಅಂದಾಜು ಒಂದ್ ಗೇಣು ತಪ್ಪೈತೆ."

"ತಪ್ಲಿ ಅಂತ್ಲೇ ಈಚೆ ಕಡೀಕೆ ನೆಟ್ಟಿರದು. ಆಚೆ ಕಡೀಕೆ ಒಂದ್ ಬೆಟ್ಟು ಹೋಗಿದ್ರೂ ಪಕ್ಕದೋರು ಏನಂತಿದ್ರು? ನಿಂಗಮ್ಮ ನಮ್ ಜಮೀನ್ ಒತ್ತುದ್ಲು ಅಂತ ಊರೆಲ್ಲ ಸಾರ್ಬುಡೋರು. ನಮ್ಮದ್ ಒಸಿ ಹೋದ್ರೆ ಹೋಗ್ಲಿ, ಮಾತ್ ಬರ್ಬಾರ್ದು ಅಂತ ನಮ್ ಕಡೀಕೇ ಜರುಗ್ಸಿ ನೆಟ್ಟೆ. ಅರಿಶಿಣ ಕುಂಕ್ಮ ಇಟ್ಟು ಕೈಯೂ ಮುಗ್ದೆ. ಇನ್ನೇನ್ ಮಾಡ್ಬೇಕಿತ್ತು?"

ಗಡಿ ಕಲ್ಲನ್ನು ಸರಿಸಿದವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಎಲ್ಲರೂ ಪಕ್ಕದವರ ಕಡೆಗೇ ಸರಿಸುತ್ತಾರೆ. ತಮ್ಮ ಹೊಲದೊಳಕ್ಕೆ ಸರಿಸಿಕೊಂಡವರನ್ನು ಅದೇ ಮೊದಲು ನೋಡಿದ್ದು. ಸೆಲ್ವಂ ಸರ್‌ಗೆ ಇದನ್ನು ತಮಿಳಿನಲ್ಲಿ ಹೇಳಲು ನನಗೆ ಎರಡು ಸಲ ಬೇಕಾಯಿತು, ಅವರಿಗೆ ನಂಬಲು ಇನ್ನೆರಡು ಸಲ ಬೇಕಾಯಿತು.

ಮೋರಿ ಸರ್ ಪೋಲನ್ನು ನನ್ನ ಕೈಗೆ ಕೊಟ್ಟರು. ಕಬ್ಬಿಣದ ಕಾಲು ಬೇಡ ಅಂತ ಕೈಸನ್ನೆ ಮಾಡಿದರು. ಇದ್ದಿಲಿನ ನಡುವಿಗೆ ಮೊನೆ ಊರಿ ನಿಂತೆ. ಹಿಮ್ಮಡಿ ಹಾಸುಬಂಡೆಯ ಅಂಚಿಗೆ ಹೋಗಿ ಕೂತಿತು. ಬೆಟ್ಟದಿಂದ ಗಾಳಿ ಇಳಿದು ಬರುತ್ತಿತ್ತು, ಮಳೆ ಕಣ್ಣಿಗೆ ಹೊಡೆಯುತ್ತಿತ್ತು. ಗುಳ್ಳೆ ನಡುವಿನಿಂದ ಕದಲಲಿಲ್ಲ. ಫಿಕ್ಸ್ ಬಂತು. ದುರ್ಬೀನಿನ ಕೀ ಉತ್ತರಕ್ಕೂ ಇದಕ್ಕೂ ಎರಡು ಬೆರಳಗಲ. ಬೊಗಸೆ ಇದ್ದಿಲಿಗೆ ಅಷ್ಟು ಅಗಲವೇ ಇರುತ್ತದೆ. ಆರು ಕಡೆಯ ಸ್ಯಾಟಲೈಟುಗಳು, ಅಷ್ಟು ದೂರದಿಂದ, ಅಷ್ಟು ದೊಡ್ಡ ಬಂಡೆ ಪಕ್ಕದಲ್ಲಿದ್ದೂ, ಒಬ್ಬ ಮುದುಕಿ ಕಲ್ಲು ಸರಿಸಿದ್ದನ್ನು ಮೂರು ದಿನದಿಂದ ಹೇಳುತ್ತಲೇ ಇದ್ದವು. ನಂಬದೆ ಇದ್ದವರು ನಾವು.

ಪಟ್ಟಿಯಲ್ಲಿ ಸಾವನದುರ್ಗದ ಬುಡ ಸೇರಿತು. ಮೋರಿ ಸರ್ ಅಲ್ಲೇ, ಜೀಪಿನ ಬಾನೆಟ್ ಮೇಲೆ, ಮೇಡಂ ಎದುರಿಗೇ ಬರೆದರು. ಮುಂದಿನ ಬೇಸಿಗೆಯಲ್ಲಿ ಆ ಸಾಲಿನ ಹೊಲಗಳನ್ನೆಲ್ಲ ಹೊಸ ಮಿಷನ್ನಿನಲ್ಲೇ ಅಳೆದೆವು. ಸರಪಳಿಯವನು ಬರಲಿಲ್ಲ.

ಆದರೆ ಅವತ್ತಿನ ಕೆಲಸ ಅಷ್ಟಕ್ಕೇ ಮುಗಿಯಲಿಲ್ಲ. ಕಲ್ಲನ್ನು ಇದ್ದಿಲಿನ ಮೇಲೆ, ಹಳೇ ಜಾಗಕ್ಕೇ ನೆಟ್ಟೆ. ಕಿತ್ತ ಗಡಿ ಕಲ್ಲನ್ನು ಮತ್ತೆ ನೆಟ್ಟರೆ ಮಹಜರು ಬರೆಯಬೇಕು. ಅದು ನಮ್ಮ ಕಡೆಯ ಕ್ರಮ. ಜಾಗದಲ್ಲೇ ಬರೆಯಬೇಕು, ನೋಡಿದವರೆಲ್ಲ ಪಂಚರಾಗಿ, ಅಂದರೆ ಸಾಕ್ಷಿಗಳಾಗಿ, ಸಹಿ ಹಾಕಬೇಕು. ಮಳೆಯಲ್ಲಿ ಊರವರು ಯಾರೂ ಇರಲಿಲ್ಲ. ಹಾಗಾಗಿ ನಿಂಗಮ್ಮಜ್ಜಿಯ ತೋಟದ ಮೂಲೆಯ ಕಲ್ಲಿಗೆ ಜಪಾನಿನವರೊಬ್ಬರು, ಶ್ರೀಲಂಕಾದವರೊಬ್ಬರು ಪಂಚರಾದರು. ಅಜ್ಜಿ ಎಲ್ಲರನ್ನೂ ಮನೆ ಜಗುಲಿಗೆ ಕರೆದರು. ಹುಳ ಆಗ ಗೂಡು ಕಟ್ಟುತ್ತಿದ್ದವು. ಮೀಸೆಯಪ್ಪನೂ ಬರಬಹುದು ಅಂತ ಹೇಳಿಸಿದರು.

ಮೇಡಂ ಬರೆದು ಓದಿ ಹೇಳಿದರು. "ಈ ಕೆಳಗೆ ಸಹಿ ಮಾಡಿರುವ ಪಂಚರ ಸಮಕ್ಷಮದಲ್ಲಿ, ಸದರಿ ಕಲ್ಲು ತನ್ನ ಮೂಲ ಸ್ಥಳದಿಂದ ಮೂಡಲಿಗೆ ಒಂದು ಗೇಣು ಸರಿದಿರುವುದು ಕಂಡುಬಂದಿದ್ದು..."

ಅಜ್ಜಿ ತಡೆದರು. "ಮೂಡ್ಲು ಪಡ್ವಲು ಯಾರಿಗವ್ವ ಗೊತ್ತಾಯ್ತದೆ. ನಿಂಗಮ್ಮ ತನ್ ಹೊಲದೊಳೀಕೇ ಜರುಗ್ಸಿದ್ಲು ಅಂತ ಬಿಡ್ಸಿ ಬರಿ. ನಾಳೀಕೆ ಓದೋರು ಎದ್ರುಬದ್ರಾಗಿ ತಿಳ್ಕಬಾರ್ದು."

ಮೇಡಂ ಹಾಗೇ ಸೇರಿಸಿದರು. ಅಜ್ಜಿ ಹೆಬ್ಬೆಟ್ಟು ಒತ್ತಿದರು. ಮೋರಿ ಸರ್ ತಮ್ಮ ಲಿಪಿಯಲ್ಲಿ ನಿಧಾನವಾಗಿ ಬರೆದರು, ಸೆಲ್ವಂ ಸರ್ ತಮಿಳಿನಲ್ಲಿ ಬರೆದರು. ಕಾಗದ ನನ್ನ ಕಡೆ ಬಂತು. ನಾನು ಕನ್ನಡದಲ್ಲಿ ಹೆಸರು ಬರೆದೆ. ಹೆಸರಿನ ಮುಂದೆ ಒಂದು ಖಾಲಿ ಜಾಗ, ಅಲ್ಲಿ ಸಹಿ ಹಾಕಿದವನು ಯಾರು ಅಂತ ಬರೆಯಬೇಕು. ನಮ್ಮ ಕಾಗದಗಳಲ್ಲಿ ಅಲ್ಲಿ 'ಸಹಾಯಕ' ಅಂತ ಬರೆಯುವುದು ರೂಢಿ. ಕೆಲವು ಸಲ ಅದೂ ಇಲ್ಲ, ಒಂದು ಗೆರೆ ಎಳೆದುಬಿಡುತ್ತಾರೆ.

ಮೇಡಂ ಪೆನ್ನು ಹಿಡಿದು ನನ್ನ ಮುಖ ನೋಡಿದರು. "ಏನಂತ ಬರೀಲಿ ನಿನ್ನ?"

"ಅಳ್ದೋನು ಅಂತ ಬರೀರಿ ಮೇಡಂ" ಅಂದೆ.

ಬರೆದರು. ಅಲ್ಲ, ನನ್ನ ಮಾತಿನ ಹಾಗಲ್ಲ, ಆಫೀಸಿನ ಕನ್ನಡದಲ್ಲಿ: 'ಅಳತೆ ಮಾಡಿದವರು'. ಗೌರವ ಕೊಟ್ಟು ಬರೆದರು. ಶಾಯಿ ಆರುವ ತನಕ ಕಾಗದವನ್ನು ನಾನೇ ಹಿಡಿದುಕೊಂಡಿದ್ದೆ.